ಡಿಎಲ್ ಮರಳಿ ಕೊಡುವ ಮುನ್ನ

ಕುಡಿದು ಕಾರು ಓಡಿಸಿ ಸಿಕ್ಕಿಬಿದ್ದವನ ಪ್ರಕರಣ ಇಂಗ್ಲೆಂಡಿನ ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ ಇತ್ಯರ್ಥವಾಗಲು ಸಾಮಾನ್ಯವಾಗಿ ಹೆಚ್ಚು ಹೊತ್ತು ಹಿಡಿಯುವುದಿಲ್ಲ. ತಪ್ಪೊಪ್ಪಿಗೆ ಆಗುತ್ತದೆ, ಉಸಿರಿನ ಪರೀಕ್ಷೆಯ ಅಂಕಿ ಓದುತ್ತಾರೆ, ದಂಡ ಬೀಳುತ್ತದೆ, ಕನಿಷ್ಠ 12 ತಿಂಗಳು ವಾಹನ ಮುಟ್ಟಬಾರದೆಂಬ ಆದೇಶವೂ ಆಗುತ್ತದೆ. ಅಷ್ಟಾದ ಮೇಲೆ ನ್ಯಾಯಪೀಠ ಅವನ ಮುಂದೆ ಇನ್ನೊಂದು ಮಾತು ಇಡಬಹುದು: ಪುನರ್ವಸತಿ ಕೋರ್ಸಿಗೆ ಹೋಗಲು ಒಪ್ಪಿಗೆ ಇದೆಯೇ? ಒಪ್ಪಿ, ಹೋಗಿ, ಮುಗಿಸಿದರೆ ನಿಷೇಧದ ಅವಧಿಯಲ್ಲಿ ಕಾಲು ಭಾಗದವರೆಗೆ ಕಡಿತವಾಗುತ್ತದೆ. 12 ತಿಂಗಳಿದ್ದದ್ದು 9 ತಿಂಗಳಿಗೆ ಇಳಿಯುತ್ತದೆ. ಒಲ್ಲೆ ಎಂದರೆ ಬಲವಂತವಿಲ್ಲ, ಪೂರ್ತಿ ಅವಧಿ ಕಳೆಯಬೇಕು.

ಮೊದಲ ಸಲ ಕೇಳಿದವರಿಗೆ ಇದು ತಪ್ಪಿತಸ್ಥನಿಗೆ ಕೊಟ್ಟ ರಿಯಾಯಿತಿಯಂತೆ ಕಾಣುತ್ತದೆ. ಕುಡುಕನೊಬ್ಬನ ಗಾಡಿಗೆ ಸಿಕ್ಕಿ ಮಗನನ್ನೋ ತಂಗಿಯನ್ನೋ ಕಳೆದುಕೊಂಡ ಮನೆಯವರಿಗಂತೂ ಸಹಿಸಲಾಗದ ಮಾತು. ಅವರ ಸಿಟ್ಟನ್ನು ತಪ್ಪೆನ್ನುವ ಹಕ್ಕು ಯಾರಿಗೂ ಇಲ್ಲ. ಆದರೂ ಒಂದು ಪ್ರಶ್ನೆಯನ್ನು ಎದುರಿಸಲೇಬೇಕು. ಸಾವುನೋವು ಆಗದ ಬಹುಪಾಲು ಪ್ರಕರಣಗಳಲ್ಲಿ ನಿಷೇಧ ಒಂದಲ್ಲ ಒಂದು ದಿನ ಮುಗಿಯುತ್ತದೆ, ಆ ಮನುಷ್ಯ ಮತ್ತೆ ಸ್ಟಿಯರಿಂಗ್ ಹಿಡಿಯುತ್ತಾನೆ. ಅಂದು ಅವನ ಕುಡಿತ ಹಿಂದಿನ ಹಾಗೆಯೇ ಇದ್ದರೆ, ನಡುವೆ ಕಳೆದ ಒಂದು ವರ್ಷದಿಂದ ರಸ್ತೆಯಲ್ಲಿ ಓಡಾಡುವ ನಮಗೆ ಸಿಕ್ಕಿದ್ದೇನು? ಬ್ರಿಟನ್ ಮತ್ತು ಜರ್ಮನಿ ಈ ಪ್ರಶ್ನೆಗೆ ದಶಕಗಳಿಂದ ಉತ್ತರ ಹುಡುಕುತ್ತಿವೆ. ನಮ್ಮ ಮೋಟಾರು ವಾಹನ ಕಾಯ್ದೆ ಕೂಡ 2019ರ ತಿದ್ದುಪಡಿಯಲ್ಲಿ ಅದೇ ದಿಕ್ಕಿಗೆ ಮುಖ ಮಾಡಿತು. ಅಲ್ಲಿ ಏನು ಮಾಡುತ್ತಾರೆ, ಇಲ್ಲಿ ಏನು ಉಳಿದಿದೆ ಎಂದು ಸ್ವಲ್ಪ ನಿಧಾನವಾಗಿ ನೋಡೋಣ.

ಕುಡಿದು ಓಡಿಸಿ ಸಿಕ್ಕಿಬಿದ್ದವರೆಲ್ಲ ಒಂದೇ ಥರದ ಜನ ಅಲ್ಲ ಎಂಬಲ್ಲಿಂದ ಶುರುಮಾಡಬೇಕು. ಮದುವೆ ಮನೆಯಲ್ಲೋ ಆಫೀಸಿನ ಪಾರ್ಟಿಯಲ್ಲೋ ‘ಒಂದೇ ಪೆಗ್ ಕಣೋ, ಏನೂ ಆಗಲ್ಲ’ ಎಂಬ ಮಾತಿಗೆ ಸೋತು ಮೂರು ಪೆಗ್ ಹಾಕಿ ಹೊರಟವನು ಒಬ್ಬ. ವಾರಕ್ಕೆ ನಾಲ್ಕು ದಿನ ಕುಡಿದೇ ಮನೆ ಸೇರುತ್ತಿದ್ದು, ಇಷ್ಟು ವರ್ಷ ಪೊಲೀಸರ ಕಣ್ಣಿಗೆ ಬೀಳದೆ ಇದ್ದವನು ಇನ್ನೊಬ್ಬ. ಕುಡಿಯದಿದ್ದರೆ ಬೆಳಗ್ಗೆ ಕೈ ನಡುಗುವ ಮೂರನೆಯವನು ಮದ್ಯಕ್ಕೆ ದಾಸನಾದ ರೋಗಿ. ಮೂವರೂ ಒಂದೇ ನಾಕಾಬಂದಿಯಲ್ಲಿ ಸಿಗಬಹುದು, ಮೂವರ ಮೇಲೂ ಒಂದೇ ಕಲಂ ಬೀಳುತ್ತದೆ. ಮೊದಲನೆಯವನಿಗೆ ದಂಡ, ನಾಚಿಕೆ, ಹೆಂಡತಿಯ ನಾಲ್ಕು ಬಿರುಸು ಮಾತು ಸಾಕಾಗಬಹುದು. ಎರಡನೆಯವನಿಗೆ ತನ್ನ ಲೆಕ್ಕ ಎಲ್ಲಿ ತಪ್ಪುತ್ತಿದೆ ಎಂದು ಯಾರಾದರೂ ಕೂರಿಸಿಕೊಂಡು ತೋರಿಸಬೇಕು. ಮೂರನೆಯವನಿಗೆ ಬೇಕಾದದ್ದು ವೈದ್ಯರು. ನಿಷೇಧವೊಂದೇ ಇದ್ದಾಗ ಕ್ಯಾಲೆಂಡರಿನ ಹಾಳೆಗಳು ಮೂವರಿಗೂ ಒಂದೇ ವೇಗದಲ್ಲಿ ತಿರುಗುತ್ತವೆ, ಕೊನೆಗೆ ಮೂವರಿಗೂ ಲೈಸೆನ್ಸ್ ವಾಪಸ್ ಸಿಗುತ್ತದೆ.

ಬ್ರಿಟನ್ ಪುನರ್ವಸತಿ ಕೋರ್ಸಿನ ಪದ್ಧತಿಗೆ ಒಂದೇ ನೆಗೆತಕ್ಕೆ ಬಂದು ತಲುಪಲಿಲ್ಲ. ಉಸಿರಿನ ಪರೀಕ್ಷೆ ಅಲ್ಲಿ ರಸ್ತೆಗೆ ಬಂದದ್ದು 1967ರ ಅಕ್ಟೋಬರಿನಲ್ಲಿ, ಬಾರ್ಬರಾ ಕ್ಯಾಸಲ್ ಸಾರಿಗೆ ಸಚಿವೆಯಾಗಿದ್ದಾಗ. ಕಾರು ಓಡಿಸಲು ಬಾರದ ಹೆಂಗಸು ಗಂಡಸರ ಕುಡಿತಕ್ಕೆ ಕೈಹಾಕಿದಳೆಂದು ಆಕೆಯನ್ನು ಆಡಿಕೊಂಡವರು ಬಹಳ. ಆಕೆ ಜಗ್ಗಲಿಲ್ಲ, ಆ ಗಟ್ಟಿತನಕ್ಕೆ ಎಷ್ಟು ಜೀವಗಳು ಋಣಿಯಾಗಿವೆಯೋ. 100 ಮಿ.ಲೀ. ರಕ್ತಕ್ಕೆ 80 ಮಿ.ಗ್ರಾಂ. ಮದ್ಯ ಎಂಬ ಮಿತಿ ನಿಗದಿಯಾಯಿತು, ಇಂಗ್ಲೆಂಡ್ ಮತ್ತು ವೇಲ್ಸಿನಲ್ಲಿ ದಶಕಗಳ ಕಾಲ ಅದೇ ನಡೆದುಬಂತು. ಸ್ಕಾಟ್ಲೆಂಡ್ ಮಾತ್ರ 2014ರ ಡಿಸೆಂಬರಿನಲ್ಲಿ 50ಕ್ಕೆ ಇಳಿಸಿಕೊಂಡಿತು. ನಮ್ಮ ಮಿತಿ 30. ಈ ಒಂದು ವಿಷಯದಲ್ಲಿ ನಮ್ಮ ಕಾನೂನು ಅವರದಕ್ಕಿಂತ ಬಿಗಿ ಎಂಬುದು ನಮ್ಮಲ್ಲಿ ಅನೇಕರಿಗೆ ಗೊತ್ತಿಲ್ಲ.

ಪುನರ್ವಸತಿ ಕೋರ್ಸಿಗೆ ಕಾನೂನಿನ ಬಲ ಬಂದದ್ದು 1991ರ ರಸ್ತೆ ಸಂಚಾರ ಕಾಯ್ದೆಯಿಂದ. ಮೊದಲು ಕೆಲವು ಕೋರ್ಟುಗಳಲ್ಲಿ ಪ್ರಯೋಗ ಮಾಡಿ, ಫಲ ನೋಡಿ, 2000ನೇ ಇಸವಿಯಲ್ಲಿ ಇಡೀ ಗ್ರೇಟ್ ಬ್ರಿಟನ್ನಿಗೆ ವಿಸ್ತರಿಸಿದರು. ಕೋರ್ಸಿನ ಒಟ್ಟು ಅವಧಿ 16 ಗಂಟೆ. ಸಾಮಾನ್ಯವಾಗಿ ಮೂರು ದಿನ, ದಿನದಿಂದ ದಿನಕ್ಕೆ ನಡುವೆ ಅಂತರ ಬಿಟ್ಟು ನಡೆಸುತ್ತಾರೆ. ಶುಲ್ಕ ಹೆಚ್ಚೆಂದರೆ 250 ಪೌಂಡ್, ಅದನ್ನು ತಪ್ಪು ಮಾಡಿದವನೇ ಕಟ್ಟಬೇಕು. ತೆರಿಗೆದಾರನ ಹಣದಲ್ಲಿ ಕುಡುಕನಿಗೆ ಪಾಠ ಯಾಕೆ ಎಂಬ ತಕರಾರಿಗೆ ಹೀಗಾಗಿ ಜಾಗವಿಲ್ಲ.

ಅಂತರ ಬಿಟ್ಟು ನಡೆಸುವುದಕ್ಕೆ ಕಾರಣ ಇದೆ. ಮೊದಲ ದಿನ ಮನೆಗೆ ಹೋಗುವಾಗ ಪ್ರತಿಯೊಬ್ಬನ ಕೈಯಲ್ಲೂ ಕುಡಿತದ ಡೈರಿ ಇರುತ್ತದೆ. ಯಾವ ದಿನ, ಎಷ್ಟು ಹೊತ್ತಿಗೆ, ಯಾರ ಜೊತೆ, ಏನು, ಎಷ್ಟು ಎಂದು ಬರೆಯಬೇಕು. ಮುಂದಿನ ತರಗತಿಯಲ್ಲಿ ಅದನ್ನು ಹರಡಿಕೊಂಡು ಕೂತಾಗ, ‘ನಾನು ಅಪರೂಪಕ್ಕೊಮ್ಮೆ’ ಎನ್ನುತ್ತಿದ್ದವನಿಗೆ ತನ್ನ ವಾರ ಕಣ್ಣಿಗೆ ಕಾಣುತ್ತದೆ. ಬೇರೆಯವರು ಹೇಳಿದ್ದರೆ ಜಗಳಕ್ಕೆ ಬರುತ್ತಿದ್ದವನು ತನ್ನದೇ ಕೈಬರಹದ ಜೊತೆ ಜಗಳವಾಡಲಾರ. ಇನ್ನೊಂದು ಅಭ್ಯಾಸದಲ್ಲಿ ಲೋಟ ಮತ್ತು ಅಳತೆಯ ಪಾತ್ರೆ ಮುಂದಿಡುತ್ತಾರೆ. ಮನೆಯಲ್ಲಿ ಹೇಗೆ ಸುರಿದುಕೊಳ್ಳುತ್ತೀರೋ ಹಾಗೆ ಸುರಿಯಿರಿ ಎನ್ನುತ್ತಾರೆ, ಆಮೇಲೆ ಅಳೆಯುತ್ತಾರೆ. ಮನೆಯ ಒಂದು ಪೆಗ್ ಬಾರಿನ ಒಂದು ಪೆಗ್ಗಿಗಿಂತ ಎಷ್ಟು ದೊಡ್ಡದು ಎಂಬುದು ಅಲ್ಲಿ ಬಯಲಾಗುತ್ತದೆ.

ಕೋರ್ಸಿನ ಜೀವಾಳವೇ ಈ ಲೆಕ್ಕ, ಆದ್ದರಿಂದ ನಮ್ಮ ಅಳತೆಯಲ್ಲೇ ಒಮ್ಮೆ ಮಾಡಿ ನೋಡೋಣ. ನಮ್ಮ ಅಂಗಡಿಗಳ ಒಂದು ಕ್ವಾರ್ಟರ್ ಎಂದರೆ 180 ಮಿ.ಲೀ. ವಿಸ್ಕಿ, ರಮ್, ಬ್ರಾಂದಿಯಲ್ಲಿ ಮದ್ಯಸಾರದ ಪ್ರಮಾಣ ಸಾಮಾನ್ಯವಾಗಿ ಶೇ 42.8. ಅಂದರೆ ಆ ಬಾಟಲಿಯಲ್ಲಿ ಶುದ್ಧ ಮದ್ಯಸಾರ 77 ಮಿ.ಲೀ. ಇದೆ. ಬ್ರಿಟನ್ನಿನಲ್ಲಿ 10 ಮಿ.ಲೀ. ಶುದ್ಧ ಮದ್ಯಸಾರಕ್ಕೆ ಒಂದು ಯೂನಿಟ್ ಎನ್ನುತ್ತಾರೆ. ಆ ಪ್ರಕಾರ ಒಂದು ಕ್ವಾರ್ಟರಿನಲ್ಲಿ ಸುಮಾರು ಏಳೂಮುಕ್ಕಾಲು ಯೂನಿಟ್. ಆರೋಗ್ಯವಂತನ ಲಿವರ್ ಗಂಟೆಗೆ ಹೆಚ್ಚುಕಡಿಮೆ ಒಂದು ಯೂನಿಟ್ಟನ್ನು ಕರಗಿಸುತ್ತದೆ, ಅದಕ್ಕಿಂತ ಅವಸರ ಮಾಡುವುದಿಲ್ಲ. ರಾತ್ರಿ 11ಕ್ಕೆ ಕ್ವಾರ್ಟರ್ ಮುಗಿಸಿ ಮಲಗಿದವನ ಮೈ ಪೂರ್ತಿ ತಿಳಿಯಾಗುವ ಹೊತ್ತಿಗೆ ಬೆಳಗಿನ 7 ಗಂಟೆ ಆಗಿರುತ್ತದೆ, ಸಣ್ಣ ಮೈಕಟ್ಟಿನವನಿಗೆ ಇನ್ನೂ ಹೊತ್ತು. ನಸುಕಿನ 4ಕ್ಕೆ ಎದ್ದು ಏರ್‌ಪೋರ್ಟ್ ಬಾಡಿಗೆಗೆ ಹೊರಡುವ ಕ್ಯಾಬ್ ಚಾಲಕ, ಹಾಲಿನ ಗಾಡಿ ಏರುವ ಡ್ರೈವರ್ ‘ನಾನು ಕುಡಿದಿದ್ದು ನಿನ್ನೆ’ ಎಂದು ಪ್ರಾಮಾಣಿಕವಾಗಿಯೇ ನಂಬಿರುತ್ತಾನೆ. ಅವನ ರಕ್ತಕ್ಕೆ ತಾರೀಖು ಬದಲಾದದ್ದು ಗೊತ್ತಿರುವುದಿಲ್ಲ. ತಣ್ಣೀರು ಸ್ನಾನ, ಸ್ಟ್ರಾಂಗ್ ಕಾಫಿ, ನಿಂಬೆಹಣ್ಣಿನ ರಸ, ಹುಳಿ ಮಜ್ಜಿಗೆ, ಇವು ಯಾವುದೂ ಲಿವರಿನ ವೇಗವನ್ನು ಹೆಚ್ಚಿಸುವುದಿಲ್ಲ. ಏಲಕ್ಕಿ, ಪಾನ್ ಬಾಯಿಯ ವಾಸನೆ ಮರೆಸಬಹುದು, ಶ್ವಾಸಕೋಶದ ಆಳದಿಂದ ಬರುವ ಗಾಳಿಯನ್ನಲ್ಲ. ಇದು ಗೊತ್ತಿಲ್ಲದೆ ತಪ್ಪು ಮಾಡುವವರ ಸಂಖ್ಯೆ ದೊಡ್ಡದು, ಈ ಗುಂಪಿಗೆ ಕೋರ್ಸ್ ನಿಜಕ್ಕೂ ನಾಟುತ್ತದೆ.

ಕೋರ್ಸಿನ ಉಳಿದ ಭಾಗ ಕಾನೂನು, ವಿಮೆ, ಅಪಘಾತದಲ್ಲಿ ಮೈಗಾಗುವ ಹಾನಿ ಇತ್ಯಾದಿ. ಕೊನೆಗೆ ಪ್ರತಿಯೊಬ್ಬನೂ ತನ್ನದೇ ಒಂದು ಯೋಜನೆ ಬರೆಯಬೇಕು: ಮುಂದಿನ ಸಲ ಕುಡಿಯುವ ಸಂದರ್ಭ ಬಂದಾಗ ಕೀ ಎಲ್ಲಿರುತ್ತದೆ, ಮನೆಗೆ ಹೋಗುವುದು ಹೇಗೆ, ಯಾರಿಗೆ ಫೋನ್ ಮಾಡಬೇಕು. ಕುಡಿದ ಮೇಲೆ ತೀರ್ಮಾನ ಮಾಡುವ ಬುದ್ಧಿ ಇರುವುದಿಲ್ಲ, ಆದ್ದರಿಂದ ತೀರ್ಮಾನ ಕುಡಿಯುವ ಮೊದಲೇ ಆಗಿರಬೇಕು ಎಂಬುದು ಇದರ ಹಿಂದಿನ ಯೋಚನೆ.

ಮೇಲೆ ಹೇಳಿದ ಮೂರನೆಯವನಿಗೆ ಈ 16 ಗಂಟೆ ಏನೇನೂ ಸಾಲದು. ಬ್ರಿಟನ್ ಅಂಥವರನ್ನು ‘ಹೆಚ್ಚು ಅಪಾಯದ ಅಪರಾಧಿಗಳು’ ಎಂದು ಬೇರೆಯೇ ಪಟ್ಟಿಗೆ ಸೇರಿಸುತ್ತದೆ. ಮಿತಿಯ ಎರಡೂವರೆ ಪಟ್ಟು, ಅಂದರೆ 100 ಮಿ.ಲೀ. ರಕ್ತಕ್ಕೆ 200 ಮಿ.ಗ್ರಾಂ. ಅಥವಾ ಅದಕ್ಕೂ ಹೆಚ್ಚು ಮದ್ಯ ಇದ್ದವರು, ಹತ್ತು ವರ್ಷದೊಳಗೆ ಎರಡು ಸಲ ನಿಷೇಧಕ್ಕೊಳಗಾದವರು, ಪರೀಕ್ಷೆಗೆ ಮಾದರಿ ಕೊಡಲು ನಿರಾಕರಿಸಿದವರು ಇದರಲ್ಲಿ ಸೇರುತ್ತಾರೆ. ನಿಷೇಧ ಮುಗಿದ ಮಾತ್ರಕ್ಕೆ ಇವರಿಗೆ ಲೈಸೆನ್ಸ್ ಸಿಗುವುದಿಲ್ಲ. ವೈದ್ಯರ ತಪಾಸಣೆ ಆಗಬೇಕು, ರಕ್ತದಲ್ಲಿ ಸಿಡಿಟಿ ಎಂಬ ಅಂಶವನ್ನು ಅಳೆಯಬೇಕು. ವಾರಗಟ್ಟಲೆ ಅತಿಯಾಗಿ ಕುಡಿದರೆ ಏರುವ, ಬಿಟ್ಟರೆ ಕೆಲವು ವಾರಗಳಲ್ಲಿ ಇಳಿಯುವ ಗುರುತು ಅದು. ಮೊದಲು ಇಲ್ಲೊಂದು ಸಂದು ಇತ್ತು: ಅರ್ಜಿ ಹಾಕಿ, ತಪಾಸಣೆಯ ಫಲಿತಾಂಶಕ್ಕೆ ಕಾಯುತ್ತಿರುವಾಗಲೇ ಓಡಿಸಬಹುದಿತ್ತು. 2013ರ ಜೂನ್ 1ರಿಂದ ಅದನ್ನು ಮುಚ್ಚಿದರು. ಈಗ ಪಾಸಾಗುವವರೆಗೆ ಸ್ಟಿಯರಿಂಗ್ ಇಲ್ಲ.

ಜರ್ಮನಿಯದು ಇನ್ನೂ ಗಟ್ಟಿ ದಾರಿ. ಅಲ್ಲಿ ಗಂಭೀರ ಪ್ರಕರಣಗಳಲ್ಲಿ ಲೈಸೆನ್ಸ್ ಅಮಾನತಿನಲ್ಲಿ ಇರುವುದಲ್ಲ, ರದ್ದೇ ಆಗುತ್ತದೆ. ಮತ್ತೆ ಬೇಕಾದರೆ ಹೊಸದಾಗಿ ಕೇಳಬೇಕು. ರಕ್ತದಲ್ಲಿ ಸಾವಿರಕ್ಕೆ 1.6 ಅಥವಾ ಹೆಚ್ಚು ಮದ್ಯದೊಂದಿಗೆ ಸಿಕ್ಕಿಬಿದ್ದವನು ‘ಎಂಪಿಯು’ ಎಂಬ ವೈದ್ಯಕೀಯ ಮತ್ತು ಮನೋವೈಜ್ಞಾನಿಕ ಪರೀಕ್ಷೆ ಪಾಸಾಗಲೇಬೇಕು. ಅಷ್ಟು ಏರಿಸಿ ಸೈಕಲ್ ತುಳಿದವನಿಗೂ ಈ ಪರೀಕ್ಷೆ ತಪ್ಪದು. 1.6ರ ಹಿಂದಿನ ತರ್ಕವನ್ನು ನಾವು ಗಮನಿಸಬೇಕು. ಅಪರೂಪಕ್ಕೆ ಕುಡಿಯುವವನು ಅಷ್ಟು ಕುಡಿದರೆ ಕೀ ಹಾಕುವುದಿರಲಿ, ನೆಟ್ಟಗೆ ನಿಲ್ಲುವುದೇ ಕಷ್ಟ. ಅಷ್ಟು ಏರಿಸಿಕೊಂಡೂ ಕಾರು ತೆಗೆದು ಮೈಲುಗಟ್ಟಲೆ ಓಡಿಸುತ್ತಾನೆಂದರೆ ಅವನ ಮೈ ವರ್ಷಗಳಿಂದ ಅದಕ್ಕೆ ಒಗ್ಗಿದೆ ಎಂದೇ ಅರ್ಥ. ‘ಎಷ್ಟು ಕುಡಿದರೂ ನನಗೆ ಏರೋದೇ ಇಲ್ಲ’ ಎಂದು ನಮ್ಮಲ್ಲಿ ಎದೆಯುಬ್ಬಿಸಿ ಹೇಳಿಕೊಳ್ಳುವವರು ಇದ್ದಾರಲ್ಲ, ಜರ್ಮನಿಯ ವೈದ್ಯರ ಕಣ್ಣಿಗೆ ಅದು ಕಾಯಿಲೆಯ ಲಕ್ಷಣ.

ಎಂಪಿಯು ಕೇಂದ್ರದಲ್ಲಿ ಮೈ ತಪಾಸಣೆ ನಡೆಯುತ್ತದೆ, ಕಂಪ್ಯೂಟರಿನ ಮುಂದೆ ಚುರುಕುತನದ ಪರೀಕ್ಷೆ ಇರುತ್ತದೆ, ಆಮೇಲೆ ಮನಶ್ಶಾಸ್ತ್ರಜ್ಞರ ಜೊತೆ ಮಾತುಕತೆ. ಬಹಳ ಜನ ಎಡವುವುದು ಈ ಮಾತುಕತೆಯಲ್ಲಿ. ಇನ್ನು ಮೇಲೆ ಕುಡಿಯುವುದಿಲ್ಲ ಸಾರ್ ಎಂದರೆ ಸಾಲದು. ಯಾಕೆ ಕುಡಿಯುತ್ತಿದ್ದೆ, ಏನು ಬದಲಾಯಿತು, ಬದಲಾದದ್ದು ಹೇಗೆ ನಿಲ್ಲುತ್ತದೆ ಎಂದು ವಿವರಿಸಬೇಕು. ಕುಡಿತ ಪೂರ್ತಿ ಬಿಡಬೇಕಾದವರು ಆರು ತಿಂಗಳಿಂದ ಒಂದು ವರ್ಷದವರೆಗೆ ಬಿಟ್ಟಿದ್ದಕ್ಕೆ ಪುರಾವೆ ತರಬೇಕು. ಮುನ್ಸೂಚನೆಯಿಲ್ಲದೆ ಕರೆದಾಗ ಹೋಗಿ ಮೂತ್ರದ ಮಾದರಿ ಕೊಡಬೇಕು, ಇಲ್ಲವೇ ತಲೆಗೂದಲು ಕೊಡಬೇಕು. ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುತ್ತದೆ, ಮೂರು ಸೆಂಟಿಮೀಟರಿನಲ್ಲಿ ಮೂರು ತಿಂಗಳ ಚರಿತ್ರೆ ಇರುತ್ತದೆ. ಖರ್ಚೆಲ್ಲ ಅವನದೇ. ಜನ ಇದನ್ನು ‘ಮೂರ್ಖರ ಪರೀಕ್ಷೆ’ ಎಂದು ಹಳಿಯುವುದುಂಟು. ಆ ಹೆಸರು ಅನ್ಯಾಯದ್ದು, ಅಲ್ಲಿ ಪರೀಕ್ಷೆಗೆ ಕೂರುವುದು ಬುದ್ಧಿಯಲ್ಲ, ಅಭ್ಯಾಸ.

ಇಷ್ಟೆಲ್ಲ ಮಾಡಿದರೆ ಫಲ ಇದೆಯೇ? ಬ್ರಿಟನ್ನಿನ ಸಾರಿಗೆ ಸಂಶೋಧನಾ ಪ್ರಯೋಗಾಲಯ ಕೋರ್ಸಿಗೆ ಹೋದವರನ್ನೂ ಹೋಗದವರನ್ನೂ ವರ್ಷಗಟ್ಟಲೆ ಹಿಂಬಾಲಿಸಿ ನೋಡಿತು. ಹೋದವರು ಮತ್ತೆ ಅದೇ ತಪ್ಪಿಗೆ ಸಿಕ್ಕಿಬಿದ್ದದ್ದು ಗಣನೀಯವಾಗಿ ಕಡಿಮೆ. ಮೊದಲ ಎರಡು ವರ್ಷ ಈ ವ್ಯತ್ಯಾಸ ದೊಡ್ಡದಿತ್ತು, ವರ್ಷ ಕಳೆದ ಹಾಗೆ ಕಿರಿದಾಯಿತು. ಒಂದು ಎಚ್ಚರಿಕೆಯನ್ನೂ ಹೇಳಬೇಕು. ಕೋರ್ಸಿಗೆ ಒಪ್ಪಿ ಹೋಗುವವರಲ್ಲಿ ತಿದ್ದಿಕೊಳ್ಳುವ ಮನಸ್ಸು ಮೊದಲೇ ಇದ್ದವರು ಹೆಚ್ಚಿರಬಹುದು, ಆದ್ದರಿಂದ ಫಲವನ್ನೆಲ್ಲ ಕೋರ್ಸಿನ ಲೆಕ್ಕಕ್ಕೇ ಬರೆಯುವಂತಿಲ್ಲ. ಕಾರಿಗೇ ಉಸಿರು ಪರೀಕ್ಷಿಸುವ ಬೀಗ ಹಾಕುವ ಪದ್ಧತಿ ಅಮೆರಿಕದ ರಾಜ್ಯಗಳಲ್ಲಿ, ಸ್ವೀಡನ್ನಿನಲ್ಲಿ, ಆಸ್ಟ್ರೇಲಿಯಾದಲ್ಲಿ ಇದೆ. ಊದಿದಾಗ ಮದ್ಯ ಕಂಡರೆ ಎಂಜಿನ್ ಶುರುವಾಗುವುದಿಲ್ಲ. ಬೀಗ ಇರುವಷ್ಟು ಕಾಲ ಅದು ಚೆನ್ನಾಗಿ ಕೆಲಸ ಮಾಡುತ್ತದೆ, ಬಿಚ್ಚಿದ ಮೇಲೆ ಅನೇಕರು ಹಳೆಯ ದಾರಿ ಹಿಡಿಯುತ್ತಾರೆ ಎಂದು ಅಧ್ಯಯನಗಳು ಮತ್ತೆ ಮತ್ತೆ ತೋರಿಸಿವೆ. ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದಲ್ಲಿ ಬೀಗದ ಜೊತೆಗೆ ನಡವಳಿಕೆ ಬದಲಾವಣೆಯ ಕೋರ್ಸನ್ನೂ ಕಡ್ಡಾಯ ಮಾಡಿರುವುದು ಇದೇ ಕಾರಣಕ್ಕೆ.

ಇಂಗ್ಲೆಂಡಿನಲ್ಲಿ ನೆಲೆಸಿರುವ ಕನ್ನಡಿಗರಿಗೆ ಇದು ದೂರದ ಸುದ್ದಿಯಲ್ಲ. ಅಲ್ಲಿ ಈ ಅಪರಾಧದ ದಾಖಲೆ ಲೈಸೆನ್ಸಿನ ಮೇಲೆ 11 ವರ್ಷ ಉಳಿಯುತ್ತದೆ. ಶಿಕ್ಷೆಗೊಳಗಾದ ವೈದ್ಯರು ತಡಮಾಡದೆ ಅಲ್ಲಿನ ವೈದ್ಯಕೀಯ ಮಂಡಳಿಗೆ ತಾವೇ ತಿಳಿಸಬೇಕು. ಕೋರ್ಸಿಗೆ ಒಪ್ಪುವ ಅವಕಾಶ ಇರುವುದು ಶಿಕ್ಷೆ ವಿಧಿಸುವ ಆ ಹೊತ್ತಿನಲ್ಲಿ. ಕೋರ್ಟಿನಲ್ಲಿ ಗಾಬರಿಯಾಗಿ ಬೇಡ ಎಂದವರಿಗೆ ಆಮೇಲೆ ಅದು ಸುಲಭಕ್ಕೆ ಸಿಗದು. ಅಲ್ಲಿ ಓದುತ್ತಿರುವ, ದುಡಿಯುತ್ತಿರುವ ನಮ್ಮ ಹುಡುಗರು ಇದನ್ನು ತಿಳಿದಿರಬೇಕು.

ಈಗ ನಮ್ಮ ಕಾಯ್ದೆಗೆ ಬರೋಣ. ಕಲಂ 185ರ ಪ್ರಕಾರ ಮೊದಲ ಸಲಕ್ಕೆ ಆರು ತಿಂಗಳವರೆಗೆ ಜೈಲು ಅಥವಾ 10,000 ರೂಪಾಯಿ ದಂಡ ಅಥವಾ ಎರಡೂ. ಮತ್ತೆ ಸಿಕ್ಕಿಬಿದ್ದರೆ ಎರಡು ವರ್ಷದವರೆಗೆ ಜೈಲು ಅಥವಾ 15,000 ರೂಪಾಯಿ ಅಥವಾ ಎರಡೂ. ಪೊಲೀಸರು ಡಿಎಲ್ ವಶಕ್ಕೆ ತೆಗೆದುಕೊಂಡು ಆರ್‌ಟಿಒಗೆ ಕಳಿಸಬೇಕು. ಅಲ್ಲಿ ಮೊದಲ ಸಲಕ್ಕೆ ಮೂರು ತಿಂಗಳ ಅನರ್ಹತೆ, ಎರಡನೇ ಸಲಕ್ಕೆ ಲೈಸೆನ್ಸೇ ರದ್ದು. ಕೋರ್ಟು ಶಿಕ್ಷೆ ವಿಧಿಸಿದರೆ ಕನಿಷ್ಠ ಆರು ತಿಂಗಳು ಅನರ್ಹಗೊಳಿಸಬೇಕೆಂದು ಕಲಂ 20 ಹೇಳುತ್ತದೆ. ಆದರೆ ಜನರ ಮಾತಿನಲ್ಲಿ ‘ಡಿ.ಡಿ. ಕೇಸ್’ (ಡ್ರಂಕ್ ಅಂಡ್ ಡ್ರೈವ್) ಎಂದರೆ ಕೋರ್ಟಿಗೆ ಹೋಗಿ ಹತ್ತು ಸಾವಿರ ಕಟ್ಟಿ ಗಾಡಿ ಬಿಡಿಸಿಕೊಂಡು ಬರುವ ಕೆಲಸ, ಅಷ್ಟೇ. ಡಿಎಲ್ ವಿಚಾರ ಅವರ ತಲೆಯಲ್ಲಿ ಎರಡನೆಯದು.

2019ರ ತಿದ್ದುಪಡಿ ಕಲಂ 19ಕ್ಕೆ ಸೇರಿಸಿದ ಒಂದು ಸಾಲನ್ನು ಹೆಚ್ಚಿನವರು ಗಮನಿಸಿಲ್ಲ. ಹೀಗೆ ಹೋದ ಲೈಸೆನ್ಸನ್ನು, ಚಾಲಕರ ಪುನಶ್ಚೇತನ ತರಬೇತಿಯನ್ನು ಯಶಸ್ವಿಯಾಗಿ ಮುಗಿಸಿದರೆ ಮಾತ್ರ ಹಿಂದಿರುಗಿಸಬೇಕು ಎನ್ನುತ್ತದೆ ಅದು. ಅವಧಿ ಮುಗಿದರೆ ಸಾಲದು, ತರಬೇತಿಯೂ ಆಗಬೇಕು. ಬ್ರಿಟನ್ನಿನಲ್ಲಿ ಐಚ್ಛಿಕವಾಗಿರುವುದು ನಮ್ಮ ಕಾಯ್ದೆಯಲ್ಲಿ ಕಡ್ಡಾಯ. ಇದು ಒಳ್ಳೆಯ ಸಾಲು. ನನ್ನ ಚಿಂತೆ ಇರುವುದು ಆ ತರಬೇತಿಯ ಒಳಗೆ ಏನಿರಬೇಕು ಎಂಬುದರ ಬಗ್ಗೆ. ಅತಿವೇಗ, ಹೆಲ್ಮೆಟ್ ಇಲ್ಲದಿರುವುದು, ಕುಡಿತ, ಎಲ್ಲ ತಪ್ಪಿಗೂ ಒಂದೇ ಡ್ರೈವಿಂಗ್ ಪಾಠ ಎಂದಾಗಿಬಿಟ್ಟರೆ ಪ್ರಯೋಜನವಿಲ್ಲ. ಕುಡಿದು ಸಿಕ್ಕವನಿಗೆ ಗೇರು, ಕ್ಲಚ್ಚು, ರಸ್ತೆಯ ಫಲಕಗಳು ಚೆನ್ನಾಗಿಯೇ ಗೊತ್ತಿರುತ್ತವೆ. ಇಪ್ಪತ್ತು ವರ್ಷ ಲಾರಿ ಓಡಿಸಿದವನಿಗೆ ಸಿಗ್ನಲ್ ಯಾವುದೆಂದು ಕಲಿಸಿ ಸರ್ಟಿಫಿಕೇಟ್ ಕೊಟ್ಟರೆ ಅವನ ಸಂಜೆಗಳು ಬದಲಾಗುವುದಿಲ್ಲ.

ಬದಲಾಗಬೇಕಾದರೆ ಮೊದಲು ವಿಂಗಡಣೆ ಆಗಬೇಕು. ಅದಕ್ಕೆ ದೊಡ್ಡ ಖರ್ಚಿನ ವ್ಯವಸ್ಥೆ ಬೇಕಾಗಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ರೂಪಿಸಿದ ‘ಆಡಿಟ್’ ಎಂಬ ಹತ್ತು ಪ್ರಶ್ನೆಗಳ ಪಟ್ಟಿ ಇದೆ, ತರಬೇತಿ ಪಡೆದ ನರ್ಸ್ ಅಥವಾ ಕೌನ್ಸೆಲರ್ ಹತ್ತು ನಿಮಿಷದೊಳಗೆ ಕೇಳಿ ಮುಗಿಸಬಹುದು. 40ಕ್ಕೆ 8 ಅಥವಾ ಹೆಚ್ಚು ಅಂಕ ಬಂದರೆ ಕುಡಿತ ಅಪಾಯದ ಕಡೆಗೆ ಹೊರಟಿದೆ ಎಂದರ್ಥ, 20 ಅಥವಾ ಹೆಚ್ಚು ಬಂದರೆ ವೈದ್ಯರು ನೋಡಲೇಬೇಕು. ಲೈಸೆನ್ಸಿನ ಆಸೆಗೆ ಸುಳ್ಳು ಉತ್ತರ ಕೊಡುವವರು ಇರುತ್ತಾರೆ ನಿಜ, ಅದಕ್ಕೇ ಬ್ರಿಟನ್ ರಕ್ತವನ್ನೂ ಜರ್ಮನಿ ಕೂದಲನ್ನೂ ಕೇಳುವುದು. ಉಸಿರಿನ ಪರೀಕ್ಷೆಯ ಅಂಕಿಯಂತೂ ಪೊಲೀಸರ ದಾಖಲೆಯಲ್ಲೇ ಇರುತ್ತದೆ. ಅಂಕಿ ತೀರಾ ಹೆಚ್ಚಿದ್ದವರನ್ನು, ಎರಡನೇ ಸಲ ಬಂದವರನ್ನು ತರಗತಿಗೆ ಕಳಿಸದೆ ನೇರವಾಗಿ ವ್ಯಸನ ಚಿಕಿತ್ಸೆಗೆ ಕಳಿಸಬೇಕು. ಉಳಿದವರಿಗೆ ಕ್ವಾರ್ಟರಿನ ಲೆಕ್ಕ, ಡೈರಿ, ಮನೆಗೆ ಹೋಗುವ ಯೋಜನೆ ಕಲಿಸುವ ಕೋರ್ಸನ್ನು ಕನ್ನಡದಲ್ಲಿ ನಡೆಸಬೇಕು. ಲಾರಿ, ಆಟೊ, ಟ್ಯಾಕ್ಸಿ ಓಡಿಸಿ ಹೊಟ್ಟೆ ಹೊರೆಯುವವರಿಗೆ ಕೂಲಿ ತಪ್ಪದ ಹಾಗೆ ಭಾನುವಾರ ಅಥವಾ ಸಂಜೆಯ ತರಗತಿ ಇರಬೇಕು. ಇಲ್ಲದಿದ್ದರೆ ಅವರು ಲೈಸೆನ್ಸ್ ಇಲ್ಲದೆಯೇ ಓಡಿಸುತ್ತಾರೆ, ವಿಮೆಯೂ ಕೈಕೊಟ್ಟು ಅಪಘಾತಕ್ಕೆ ಸಿಕ್ಕವರ ಪಾಡು ಇನ್ನೂ ಕೆಡುತ್ತದೆ.

ವ್ಯಸನಕ್ಕೆ ಬಿದ್ದವರ ಮನೆಯವರಿಗೆ ಒಂದು ಮಾತು. ಡಿಎಲ್ ಹೋಯಿತು, ಮಾನ ಹೋಯಿತು ಎಂಬ ಆಘಾತದಲ್ಲಿ ಎಷ್ಟೋ ಜನ ಒಂದೇ ಏಟಿಗೆ ಕುಡಿತ ನಿಲ್ಲಿಸುತ್ತಾರೆ. ವರ್ಷಗಳಿಂದ ದಿನವೂ ಅತಿಯಾಗಿ ಕುಡಿದ ಮೈಗೆ ಇದು ಅಪಾಯ. ಎರಡು ಮೂರು ದಿನದೊಳಗೆ ನಡುಕ, ಬೆವರು, ಫಿಟ್ಸ್, ಇಲ್ಲದ್ದು ಕಾಣುವ ಭ್ರಮೆ ಶುರುವಾಗಬಹುದು, ಜೀವಕ್ಕೂ ಕುತ್ತು ಬರಬಹುದು. ಬಿಡಲಿ, ಆದರೆ ವೈದ್ಯರ ಕಣ್ಣಳತೆಯಲ್ಲಿ ಬಿಡಲಿ. ಕೇಸ್ ಬೀಳುವವರೆಗೆ ಕಾಯುವ ಅಗತ್ಯವೂ ಇಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ಕೇಂದ್ರ ಇದೆ. ದೂರದ ಊರಿನವರು ಟೆಲಿ ಮಾನಸ್‌ನ 14416ಕ್ಕೆ ಅಥವಾ ವ್ಯಸನಮುಕ್ತಿ ಸಹಾಯವಾಣಿ 14446ಕ್ಕೆ ಫೋನ್ ಮಾಡಿ ಮಾತಾಡಬಹುದು, ಎರಡೂ ಉಚಿತ.